ಸಾವಯವ ಬಾಳೆಹಣ್ಣಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜಾಸ್ತಿ ಇರುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ನಡುವೆ ಮಿಟ್ಲಿ ಬಾಳೆ, ಕಾಳುಮೆಣಸು ಇದೆ. ಬನವಾಸಿ ಕಡೆ ಒಂದೆಕರೆ ಅನಾನಸ್ ಹಾಕಿದ್ದೇವೆ. ಮೊದಲಿನಿಂದಲೂ ನಮಗೆ ಸೊಪ್ಪು, ಕೊಟ್ಟಿಗೆ ಗೊಬ್ಬರವೇ ಮುಖ್ಯ. ಬಾಳೆಗೆ ಮಾತ್ರ ಸ್ವಲ್ಪ ಯೂರಿಯಾ, ಪೊಟ್ಯಾಶ್ ಹಾಕುತ್ತಿದ್ದೆವು. ಎರಡು ವರ್ಷದಿಂದ ಅದನ್ನೂ ಬಿಟ್ಟು ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತ ಕೊಡುತ್ತಿದ್ದೇವೆ. ಈಗ ಗೊನೆ ಸಣ್ಣದಾಗಿದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಒಣಗುತ್ತವೆ. ಬೆಂಗಳೂರಿನಲ್ಲಿರುವ ಹಿರಿಮಗ ಹಣ್ಣನ್ನು ಅಲ್ಲೇ ಮಾರುವ ಯೋಚನೆಯಲ್ಲಿದ್ದಾನೆ. ಸಾವಯವ ಹಣ್ಣಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡು ಪಟ್ಟು ಇರುತ್ತದೆ, ಅದನ್ನೇ ಪೊಟ್ಟಣದ ಮೇಲೆ ಬರೆಯೋಣ ಎನ್ನುತ್ತಾನೆ. ಮನೆಯಲ್ಲಿ ಕಿರಿ ಸೊಸೆ ಐದು ತಿಂಗಳ ಬಸುರಿ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತದೆ ಅಂತ ನಮ್ಮ ಬಾಳೆಹಣ್ಣನ್ನೇ ಜಾಸ್ತಿ ತಿನ್ನುತ್ತಿದ್ದಾಳೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ತುಂಬಾ ಇದೆಯಲ್ಲ, ಅದು ಹಣ್ಣಿಗೂ ಬರುತ್ತದೆ ಅಲ್ವಾ? ಮತ್ತೆ ಪೊಟ್ಯಾಶ್ ಹಾಕಿದರೆ ಹಣ್ಣಿನ ಸತ್ವ ಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ವಿಷಯ ಹೆಣೆದುಕೊಂಡಿವೆ. ಸೊಸೆಯ ಆರೋಗ್ಯ, ತೋಟದ ಬಾಳೆ, ಮಗನ ವ್ಯಾಪಾರ. ಮೊದಲು ಸೊಸೆಯ ವಿಷಯ ನೋಡೋಣ. ಅದು ಕಾಯುವಂಥದ್ದಲ್ಲ.

ಬಾಳೆಹಣ್ಣು ತಿಂದು ಅವರ ರಕ್ತ ಏರುವುದಿಲ್ಲ. ಸಾವಯವವಾಗಲಿ, ಸರ್ಕಾರಿ (ರಾಸಾಯನಿಕ) ಗೊಬ್ಬರ ಹಾಕಿದ್ದಾಗಲಿ, ಯಾವ ಬಾಳೆಯಿಂದಲೂ ಏರುವುದಿಲ್ಲ. ಸಿಪ್ಪೆ ಸುಲಿದ 100 ಗ್ರಾಂ ಹಣ್ಣಿನಲ್ಲಿ ಇರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ಗರ್ಭಿಣಿಗೆ ದಿನಕ್ಕೆ 27 ಮಿ.ಗ್ರಾಂ ಬೇಕು. ಬಾಳೆಹಣ್ಣೊಂದರಿಂದಲೇ ಅಷ್ಟು ಸಿಗಬೇಕೆಂದರೆ ದಿನಕ್ಕೆ 9 ಕಿಲೋ ತಿನ್ನಬೇಕಾಗುತ್ತದೆ. ಮಗ ಹೇಳಿದಂತೆ ಎರಡು ಪಟ್ಟು ಇದ್ದರೂ ನಾಲ್ಕೂವರೆ ಕಿಲೋ. ಇನ್ನೊಂದು ಕಡೆ, ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ಎರಡನ್ನೂ ಹೋಲಿಸುವ ಹಾಗೇ ಇಲ್ಲ.

ಮಾತ್ರೆಯಿಂದ ಹೊಟ್ಟೆ ತೊಳಸುವುದು ತುಂಬಾ ಜನರಿಗೆ ಆಗುತ್ತದೆ. ಅದನ್ನು ಡಾಕ್ಟರಿಗೆ ಹೇಳಲಿ. ತಗೊಳ್ಳುವ ಹೊತ್ತು ಬದಲಿಸಬಹುದು, ಬೇರೆ ಬಗೆಯ ಮಾತ್ರೆ ಕೊಡಬಹುದು, ಅಗತ್ಯ ಬಿದ್ದರೆ ಬೇರೆ ದಾರಿಯೂ ಅವರ ಬಳಿ ಇದೆ. ತಾವಾಗಿಯೇ ಬಿಡುವುದು ಮಾತ್ರ ಬೇಡ. ಮಾತ್ರೆಯ ಜೊತೆಗೇ ಚಹಾ, ಕಾಫಿ ಕುಡಿಯಬಾರದು, ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಹಣ್ಣು ತಿನ್ನಲೇಬೇಕು, ಆದರೆ ಅದರಿಂದ ಸಿಗುವ ಲಾಭ ಬೇರೆ. ಒಂದು ಪೇರಲೆ ಹಣ್ಣು, ಸ್ವಲ್ಪ ನೆಲ್ಲಿಕಾಯಿ ಅಥವಾ ಊಟಕ್ಕೆ ಹಿಂಡಿದ ಲಿಂಬೆ, ಇವುಗಳಲ್ಲಿರುವ ವಿಟಮಿನ್ ಸಿ ಹರಿವೆ ಸೊಪ್ಪು, ಬೇಳೆ, ಕಾಳಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳುವಂತೆ ಮಾಡುತ್ತದೆ. ನಿಮ್ಮ ಮಿಟ್ಲಿ ಬಾಳೆ ದಿನಕ್ಕೆ ಎರಡು ತಿನ್ನಲಿ, ಒಳ್ಳೆಯದೇ. ಮಾತ್ರೆಯ ಬದಲಿಗೆ ಬೇಡ.

ಈಗ ಕೆಂಪು ಮಣ್ಣಿನ ಮಾತು. ಇದನ್ನು ಘಟ್ಟದ ಮೇಲೆಯೂ ಕೇಳಿದ್ದೇನೆ, ಕುಮಟಾ, ಅಂಕೋಲಾ, ಕಾರವಾರದ ಕಡೆಯೂ ಕೇಳಿದ್ದೇನೆ. ಮಣ್ಣು ಕೆಂಪಗಿರುವುದು ಕಬ್ಬಿಣದಿಂದಲೇ, ಅದು ನಿಜ. ಮನೆ ಕಟ್ಟುವ ಚಿರೆಕಲ್ಲಿನ ಬಣ್ಣವೂ ಅದೇ. ಆದರೆ ಅದು ತುಕ್ಕಿನ ರೂಪದಲ್ಲಿರುವ ಕಬ್ಬಿಣ, ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ನಮ್ಮ ಮಣ್ಣು ಹುಳಿ ಇರುವುದರಿಂದ ಬೇರಿಗೆ ಸ್ವಲ್ಪ ಸಿಗುತ್ತದೆ, ಗಿಡಕ್ಕೆ ಬೇಕಾದಷ್ಟಂತೂ ಸಿಗುತ್ತದೆ. ಹಾಗೆ ಸಿಕ್ಕಿದ್ದನ್ನು ಗಿಡ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ, ಏಕೆಂದರೆ ಹಸಿರು ತಯಾರಾಗಲು, ಉಸಿರಾಟ ನಡೆಯಲು ಅಲ್ಲಿ ಅದರ ಕೆಲಸವಿದೆ. ಹಣ್ಣಿನ ತಿರುಳಿಗೆ ಹೋಗುವುದು ಚೂರೇ ಚೂರು. ಮಣ್ಣಿನಲ್ಲಿ ಎಷ್ಟೇ ಇದ್ದರೂ ಹಣ್ಣಿನಲ್ಲಿ ಅದು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸೊಪ್ಪಿನಲ್ಲಿ ಕಬ್ಬಿಣ ಹೆಚ್ಚು, ಹಣ್ಣಿನಲ್ಲಿ ಕಡಿಮೆ ಎಂಬುದಕ್ಕೆ ಕಾರಣ ಇಷ್ಟೇ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಳೆಕಾಯಿ ಹೆಚ್ಚಿದ ಕೂಡಲೇ ಕಪ್ಪಾಗುತ್ತದೆ, ಅದರಲ್ಲಿ ಕಬ್ಬಿಣ ಇರುವುದಕ್ಕೇ ಹಾಗಾಗುತ್ತದೆ ಎನ್ನುತ್ತಾರೆ. ಹೆಚ್ಚಿದಾಗ ಕಾಯಿಯ ಒಗರು ಪದಾರ್ಥ ಗಾಳಿಗೆ ಸಿಗುತ್ತದೆ, ಕಾಯಿಯಲ್ಲೇ ಇರುವ ಒಂದು ಕಿಣ್ವ ಅದನ್ನು ಕಂದು ಮಾಡುತ್ತದೆ. ಸೇಬು ಕಂದಾಗುವುದೂ ಹೀಗೇ. ಹಳೆಯ ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಹೆಚ್ಚಿದರೆ ಇನ್ನಷ್ಟು ಕಪ್ಪಾಗುತ್ತದೆ, ಆ ಕಬ್ಬಿಣ ಕತ್ತಿಯದು. ಒಂದು ಬಾಳೆಕಾಯಿಯನ್ನು ಅರ್ಧ ಮೆಟ್ಟುಗತ್ತಿಯಲ್ಲಿ, ಅರ್ಧ ಸ್ಟೀಲಿನ ಚಾಕುವಿನಲ್ಲಿ ಹೆಚ್ಚಿ ಪಕ್ಕಪಕ್ಕ ಇಟ್ಟು ನೋಡಿ.

ಹಣ್ಣಿನೊಳಗೆ ಖನಿಜ ಬರುವ ದಾರಿ ಸ್ವಲ್ಪ ತಿಳಿದರೆ ಉಳಿದದ್ದೆಲ್ಲ ಸುಲಭ. ಗಿಡದಲ್ಲಿ ಎರಡು ಬಗೆಯ ನಾಳಗಳಿವೆ. ಒಂದು ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಇನ್ನೊಂದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಣ್ಣಿಗೆ, ಬೇರಿಗೆ ಹಂಚುತ್ತದೆ. ಕ್ಯಾಲ್ಸಿಯಂ ಮೊದಲನೆಯ ನಾಳದಲ್ಲಿ, ನೀರಿನ ಜೊತೆಗೆ ಮಾತ್ರ ಹೋಗುತ್ತದೆ. ನೀರು ಆವಿಯಾಗುವುದು ಎಲೆಯಲ್ಲಿ, ಹಾಗಾಗಿ ಕ್ಯಾಲ್ಸಿಯಂ ಸೇರುವುದೂ ಎಲೆಗೇ. ಒಮ್ಮೆ ಎಲೆಗೆ ಹೋದದ್ದು ವಾಪಸ್ ಬರುವುದಿಲ್ಲ. ಹಣ್ಣಿನ ಸಿಪ್ಪೆ ದಪ್ಪ, ಅದರಿಂದ ನೀರು ಆವಿಯಾಗುವುದು ಕಡಿಮೆ, ಕ್ಯಾಲ್ಸಿಯಂ ಬರುವುದೂ ಕಡಿಮೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 5 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ರಾಗಿಯಲ್ಲಿ 340ಕ್ಕೂ ಹೆಚ್ಚು ಮಿ.ಗ್ರಾಂ ಇರುತ್ತದೆ. 5 ಎರಡು ಪಟ್ಟಾಗಿ 10 ಆದರೂ ತಿನ್ನುವವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ.

ಪೊಟ್ಯಾಶಿಯಂ, ಅಂದರೆ ಪೊಟ್ಯಾಶ್ ಗೊಬ್ಬರದಲ್ಲಿರುವ ಖನಿಜ, ಹಾಗಲ್ಲ. ಅದು ಸಕ್ಕರೆಯ ಜೊತೆ ಎರಡನೆಯ ನಾಳದಲ್ಲೂ ಓಡಾಡುತ್ತದೆ. ಎಲೆಯಲ್ಲಿದ್ದದ್ದು ಗೊನೆಗೆ ಇಳಿಯುತ್ತದೆ. ಬಾಳೆಹಣ್ಣಿನಲ್ಲಿ 100 ಗ್ರಾಂಗೆ 350 ಮಿ.ಗ್ರಾಂನಷ್ಟು ಪೊಟ್ಯಾಶಿಯಂ ಇರುವುದು ಇದರಿಂದಲೇ. ವಯಸ್ಕರಿಗೆ ದಿನಕ್ಕೆ ಸುಮಾರು 3500 ಮಿ.ಗ್ರಾಂ ಬೇಕು. ಖನಿಜದ ಮಟ್ಟಿಗೆ ಬಾಳೆಹಣ್ಣು ನಿಜವಾಗಿ ಕೊಡುವುದು ಇದನ್ನೇ, ಜೊತೆಗೆ ಸ್ವಲ್ಪ ಮೆಗ್ನೀಶಿಯಂ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಡಾಕ್ಟರು ಬಾಳೆಹಣ್ಣು ಕಡಿಮೆ ಮಾಡಿ ಎನ್ನುವುದೂ ಇದೇ ಕಾರಣಕ್ಕೆ.

ಹಾಗಾದರೆ ಸಾವಯವಕ್ಕೂ ಮಾಮೂಲಿ ಕೃಷಿಗೂ ಖನಿಜಾಂಶದಲ್ಲಿ ವ್ಯತ್ಯಾಸವೇ ಇಲ್ಲವೇ? ಇದರ ಮೇಲೆ ಜಗತ್ತಿನಲ್ಲಿ ಸಾಕಷ್ಟು ಕೆಲಸ ಆಗಿದೆ. 2009ರಲ್ಲಿ ಲಂಡನ್ನಿನ ಸಂಶೋಧಕರು ಅದುವರೆಗಿನ 50 ವರ್ಷದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗುಣಮಟ್ಟ ಚೆನ್ನಾಗಿದ್ದ 55 ಅಧ್ಯಯನಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ, ಪೊಟ್ಯಾಶಿಯಂ, ಸತು, ತಾಮ್ರ ಇವುಗಳಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಸಾವಯವದಲ್ಲಿ ರಂಜಕ ಸ್ವಲ್ಪ ಹೆಚ್ಚು, ಮಾಮೂಲಿ ಬೆಳೆಯಲ್ಲಿ ಸಾರಜನಕ ಹೆಚ್ಚು, ಅಷ್ಟೇ. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ 343 ಪ್ರಕಟಣೆಗಳ ವಿಶ್ಲೇಷಣೆ ಬಂತು. ಅದರ ಫಲಿತಾಂಶ ಸಾವಯವದ ಕಡೆ ಹೆಚ್ಚು ವಾಲುತ್ತದೆ. ಸಾವಯವ ಬೆಳೆಯಲ್ಲಿ ಪಾಲಿಫಿನಾಲ್‌ನಂಥ ಆ್ಯಂಟಿಆಕ್ಸಿಡೆಂಟ್ ಪದಾರ್ಥ ಹೆಚ್ಚು, ಕ್ಯಾಡ್ಮಿಯಂ ಎಂಬ ಕೆಟ್ಟ ಲೋಹ ಕಡಿಮೆ. ಕೀಟನಾಶಕದ ಉಳಿಕೆ ಮಾಮೂಲಿ ಬೆಳೆಯಲ್ಲಿ ನಾಲ್ಕು ಪಟ್ಟು ಹೆಚ್ಚು ಸಲ ಸಿಕ್ಕಿತು. ಈ ಎರಡು ವರದಿಗಳನ್ನು ಒಂದರ ವಿರುದ್ಧ ಇನ್ನೊಂದು ಎಂದು ಎತ್ತಿಕಟ್ಟುತ್ತಾರೆ. ಪೂರ್ತಿ ಓದಿದರೆ ಒಳ್ಳೆಯ ಖನಿಜಗಳ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರವೇ ಇವೆ. ಕಬ್ಬಿಣ, ಕ್ಯಾಲ್ಸಿಯಂ ದುಪ್ಪಟ್ಟು ಎಂಬ ಮಾತಿಗೆ ಎರಡರಲ್ಲೂ ಆಧಾರವಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ಒಂದೇ ಜಮೀನಿನಲ್ಲಿ ಸಾವಯವ, ರಾಸಾಯನಿಕ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ಬೆಳೆದು ನೋಡುತ್ತಿದ್ದಾರೆ. 21 ವರ್ಷದ ಲೆಕ್ಕದಲ್ಲಿ ಗೋಧಿಯ ಪೌಷ್ಟಿಕತೆಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಮಣ್ಣಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಬಂತು. ಸಾವಯವ ತಾಕಿನಲ್ಲಿ ಜೀವಾಣುಗಳು ಹೆಚ್ಚಿದವು, ಇಳುವರಿ ಸರಾಸರಿ 20 ಪ್ರತಿಶತ ಕಡಿಮೆ ಬಂತು, ಗೊಬ್ಬರದ ಖರ್ಚು ಅದಕ್ಕಿಂತ ಜಾಸ್ತಿ ತಗ್ಗಿತು. ಸಾವಯವದ ಲಾಭ ಮೊದಲು ಕಾಣುವುದು ಮಣ್ಣಿನಲ್ಲಿ ಎಂಬುದು ನನ್ನ ಅನುಭವವೂ ಹೌದು.

ರಾಸಾಯನಿಕ ಗೊಬ್ಬರ ಸತ್ವ ತೆಗೆಯುತ್ತದೆ ಎಂಬ ಮಾತೂ ಹಾಗೆಯೇ ಪೂರ್ತಿ ನಿಜವಲ್ಲ. ಫಿನ್‌ಲ್ಯಾಂಡಿನ ಮಣ್ಣಿನಲ್ಲಿ ಬೆಳೆಗೆ ಸಿಗುವ ಸೆಲೆನಿಯಂ ತೀರಾ ಕಡಿಮೆ ಇತ್ತು. ಅಲ್ಲಿನ ಸರ್ಕಾರ 1980ರ ದಶಕದ ಮಧ್ಯದಲ್ಲಿ ಗೊಬ್ಬರದಲ್ಲೇ ಸೆಲೆನಿಯಂ ಬೆರೆಸಲು ಶುರು ಮಾಡಿತು. ಜನರ ರಕ್ತದಲ್ಲೂ ಅದರ ಮಟ್ಟ ಏರಿತು. ಮಣ್ಣಿನಲ್ಲಿ ಇಲ್ಲದ ಖನಿಜ ಹೊರಗಿನಿಂದ ಕೊಟ್ಟರೆ ಮಾತ್ರ ಬರುತ್ತದೆ. ಆದರೆ ಯೂರಿಯಾ ಅತಿಯಾದಾಗ ಬೇರೆಯೇ ಆಗುತ್ತದೆ. ಕಾಯಿ ಬೇಗ ಉಬ್ಬುತ್ತದೆ, ನೀರು ಹೆಚ್ಚು ತುಂಬುತ್ತದೆ. ಖನಿಜ ಅಷ್ಟೇ ಇದ್ದರೂ ದೊಡ್ಡ ಹಣ್ಣಿನಲ್ಲಿ ತೆಳುವಾಗಿ ಹರಡುತ್ತದೆ. ಹೆಚ್ಚು ಇಳುವರಿಯ ತಳಿಗಳಲ್ಲೂ ಇದೇ ಕಥೆ. ಅಮೆರಿಕದಲ್ಲಿ 1950 ಮತ್ತು 1999ರ ಅಂಕಿಅಂಶ ಇಟ್ಟುಕೊಂಡು 43 ತರಕಾರಿ, ಹಣ್ಣುಗಳನ್ನು ಹೋಲಿಸಿದಾಗ ಒಟ್ಟಾರೆ ಕ್ಯಾಲ್ಸಿಯಂ, ಕಬ್ಬಿಣ, ರಂಜಕ ಇಳಿದದ್ದು ಕಂಡಿತು. ಅದಕ್ಕೆ ತಳಿ ಬದಲಾವಣೆಯೇ ಮುಖ್ಯ ಕಾರಣವಿರಬಹುದು ಎಂದು ಆ ಸಂಶೋಧಕರು ಹೇಳಿದರು. ನಿಮ್ಮ ಮಿಟ್ಲಿ ಬಾಳೆಯನ್ನು ಪೇಟೆಯಲ್ಲಿ ಸಿಗುವ ಜಿ-9 ಎಂಬ ಹೆಚ್ಚು ಇಳುವರಿಯ ತಳಿಯ ಬಾಳೆಯ ಜೊತೆ ಹೋಲಿಸಿ ಸಾವಯವದ್ದೇ ಮೇಲು ಎಂದರೆ, ನೀವು ಎರಡು ತಳಿಗಳನ್ನು ಹೋಲಿಸಿದಂತೆ ಆಯಿತು. ಸಾವಯವದ ಮಾತು ಅಲ್ಲಿ ಬರಲೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಹಣ್ಣಿನ ಖನಿಜವನ್ನು ಎಲ್ಲಕ್ಕಿಂತ ಹೆಚ್ಚು ತೀರ್ಮಾನ ಮಾಡುವುದು ಮಳೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್, ಕರಾವಳಿಯಲ್ಲಿ ಅದಕ್ಕೂ ಹೆಚ್ಚು. ಇಷ್ಟು ನೀರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಳಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಶಿಯಂ, ಪೊಟ್ಯಾಶಿಯಂ, ಬೋರಾನ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಮಣ್ಣು ಹುಳಿಯಾಗುತ್ತದೆ. ಹಾಕಿದ ರಂಜಕವನ್ನು ಆ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. ಕಾರವಾರ, ಅಂಕೋಲಾದ ದಂಡೆಯ ಮರಳು ಮಣ್ಣಿನಲ್ಲಂತೂ ಹಾಕಿದ್ದು ನಿಲ್ಲುವುದೇ ಕಷ್ಟ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ಸೊಪ್ಪಿನ ಬೆಟ್ಟ. ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಇತ್ತು. ಬೆಟ್ಟದ ಮರಗಳ ಬೇರು ಆಳಕ್ಕೆ ಇಳಿದು ಕ್ಯಾಲ್ಸಿಯಂ, ಮೆಗ್ನೀಶಿಯಂ ಎತ್ತಿ ಎಲೆಗೆ ತರುತ್ತದೆ. ಆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ ಬಂದು, ದನದ ಕಾಲಡಿ ಬಿದ್ದು, ಸಗಣಿ ಗಂಜಲ ಕುಡಿದು, ಗೊಬ್ಬರ ಗುಂಡಿಯಲ್ಲಿ ಕಳಿತು ತೋಟಕ್ಕೆ ಸೇರುತ್ತದೆ. ಒಂದೆಕರೆ ತೋಟವನ್ನು ಹಲವು ಎಕರೆ ಕಾಡು ಸಾಕುತ್ತಿತ್ತು. ಈಗ ತುಂಬಾ ಮನೆಗಳಲ್ಲಿ ದನ ಒಂದೋ ಎರಡೋ. ಬೆಟ್ಟಕ್ಕೆ ಹೋಗಿ ಸೊಪ್ಪು ತರಲು ಆಳು ಇಲ್ಲ. ತೋಟದಿಂದ ಅಡಿಕೆ, ಬಾಳೆಗೊನೆ, ಮೆಣಸು ಮಾತ್ರ ಮೊದಲಿನಂತೆ ಹೊರಗೆ ಹೋಗುತ್ತಲೇ ಇದೆ. ಒಳಗೆ ಬರುವುದು ಕಡಿಮೆಯಾಗಿ ಹೊರಗೆ ಹೋಗುವುದು ನಿಲ್ಲದಿದ್ದರೆ ಸಾವಯವ ತೋಟವೂ ಬಡವಾಗುತ್ತದೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಇಷ್ಟು ಒಳ್ಳೆಯ ಪದ್ಧತಿ ಬೇರೆ ಕಡೆ ನೋಡಲು ಸಿಗುವುದು ಅಪರೂಪ.

ನಿಮ್ಮ ಬಾಳೆಗೆ ಆಗಿರುವುದು ಇದೇ ಎಂದು ಪತ್ರ ಓದಿದಾಗ ಅನಿಸುತ್ತದೆ. ಹಳೆಯ ಎಲೆ ಅಂಚಿನಿಂದ ಹಳದಿಯಾಗಿ ಒಣಗುವುದು, ಗೊನೆ ಸಣ್ಣದಾಗುವುದು, ಕಾಯಿ ಬಡಕಲಾಗುವುದು ಪೊಟ್ಯಾಶ್ ಕೊರತೆಯ ಲಕ್ಷಣ. ಗಿಡ ಹಳೆಯ ಎಲೆಯಿಂದ ಪೊಟ್ಯಾಶ್ ಕಿತ್ತು ಗೊನೆಗೆ ಕೊಡುತ್ತಿದೆ. ಬಾಳೆಯಷ್ಟು ಪೊಟ್ಯಾಶ್ ಬೇಡುವ ಹಣ್ಣಿನ ಗಿಡ ನಮ್ಮಲ್ಲಿ ಕಡಿಮೆ. ಗಿಡವೊಂದಕ್ಕೆ 200ರಿಂದ 300 ಗ್ರಾಂ ಪೊಟ್ಯಾಶ್ ಬೇಕು ಎಂಬುದು ಸಾಮಾನ್ಯ ಶಿಫಾರಸು.

ಜೀವಾಮೃತದಲ್ಲಿ ಎಷ್ಟಿದೆ? ಎಕರೆಗೆ 200 ಲೀಟರ್ ಮಾಡುವಾಗ ಹಾಕುವುದು 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಹಿಟ್ಟು. ಇದೆಲ್ಲ ಸೇರಿ ಪೊಟ್ಯಾಶ್ ಹೆಚ್ಚೆಂದರೆ 200 ಗ್ರಾಂ ಆಸುಪಾಸು. ಅಂದರೆ ಒಂದು ಸಲ ಒಂದೆಕರೆಗೆ ಕೊಡುವ ಜೀವಾಮೃತದಲ್ಲಿ ಒಂದು ಬಾಳೆಗಿಡದ ವರ್ಷದ ಪಾಲು ಮಾತ್ರ ಇದೆ. ಜೀವಾಣುಗಳಿಗೆ ಅದು ಆಹಾರ, ಮಣ್ಣಿನಲ್ಲಿ ಇರುವುದನ್ನು ಬಿಡಿಸಿ ಕೊಡಲು ಸಹಾಯ ಮಾಡಬಹುದು. ಮಣ್ಣಿನಲ್ಲೇ ಇಲ್ಲದ ಪೊಟ್ಯಾಶನ್ನು ಯಾವ ಜೀವಾಣುವೂ ಹುಟ್ಟಿಸಲಾರದು. ಅದನ್ನು ನಿಲ್ಲಿಸಿ ಎನ್ನುತ್ತಿಲ್ಲ, ಅದೊಂದನ್ನೇ ನೆಚ್ಚಬೇಡಿ ಎನ್ನುತ್ತಿದ್ದೇನೆ.

ಪೊಟ್ಯಾಶ್ ಮತ್ತೆ ಹಾಕಿದರೆ ಹಣ್ಣಿನ ಸತ್ವ ಹೋಗುವುದಿಲ್ಲ. ಕೊರತೆ ಇದ್ದಲ್ಲಿ ಹಾಕಿದರೆ ಕಾಯಿ ತುಂಬುತ್ತದೆ, ಸಿಹಿ ಬರುತ್ತದೆ, ಹಣ್ಣಿನ ಪೊಟ್ಯಾಶಿಯಂ ಕೂಡ ಸರಿಹೋಗುತ್ತದೆ. ಅತಿ ಮಾಡಿದರೆ ತೊಂದರೆ. ಮಣ್ಣಿನಲ್ಲಿ ಪೊಟ್ಯಾಶ್ ಮೇಲುಗೈಯಾದರೆ ಬೇರು ಮೆಗ್ನೀಶಿಯಂ, ಕ್ಯಾಲ್ಸಿಯಂ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ. ನಮ್ಮ ತೊಳೆದ ಮಣ್ಣಿನಲ್ಲಿ ಅವೆರಡೂ ಮೊದಲೇ ಕಡಿಮೆ.

ಈಗ ನಿಮ್ಮ ಮುಂದಿರುವ ದಾರಿಗಳು. ಸಾವಯವದಲ್ಲೇ ಉಳಿಯಬೇಕು ಎಂದಿದ್ದರೆ ಬೂದಿಯನ್ನು ನಂಬಿ. ಒಳ್ಳೆಯ ಕಟ್ಟಿಗೆ ಬೂದಿಯಲ್ಲಿ ಸುಮಾರು 5 ಪ್ರತಿಶತ ಪೊಟ್ಯಾಶ್ ಇರುತ್ತದೆ, ಸುಣ್ಣದ ಅಂಶ ಅದಕ್ಕೂ ಎಷ್ಟೋ ಪಾಲು ಹೆಚ್ಚು. ಅಡಿಕೆ ಬೇಯಿಸುವ ಒಲೆ ನಿಮ್ಮಲ್ಲಿ ಇರಬಹುದು. ಆ ಬೂದಿ ಎಲ್ಲಿ ಹೋಗುತ್ತದೆ ಎಂದು ಒಮ್ಮೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಒಲೆಯ ಹಿಂದೆ ಗುಡ್ಡೆಯಾಗಿ ಬಿದ್ದಿರುತ್ತದೆ. ಒಂದು ಮಳೆಗಾಲ ನೆನೆದರೆ ಅದರ ಪೊಟ್ಯಾಶ್ ಕರಗಿ ಹೋಯಿತು, ಉಳಿದದ್ದು ಬಿಳಿ ಪುಡಿ ಮಾತ್ರ. ಆರಿದ ಕೂಡಲೇ ಚೀಲಕ್ಕೆ ತುಂಬಿ ಸೂರಿನ ಒಳಗೆ ಇಡಿ. ಗಿಡಕ್ಕೆ ವರ್ಷಕ್ಕೆ ಎರಡು ಕಿಲೋ ಬೂದಿಯನ್ನು ಎರಡು ಮೂರು ಕಂತಿನಲ್ಲಿ, ಬುಡದಿಂದ ಸ್ವಲ್ಪ ದೂರ ಹರಡಿ. ಜೊತೆಗೆ 15ರಿಂದ 20 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ ಲೆಕ್ಕ ಹತ್ತಿರ ಬರುತ್ತದೆ. ಬೂದಿಯನ್ನೂ ಹಸಿ ಗೊಬ್ಬರವನ್ನೂ ಒಟ್ಟಿಗೆ ಕಲಸಬೇಡಿ, ಸಾರಜನಕ ಹಾರಿಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ. ಗೊನೆ ಕಡಿದ ಮೇಲೆ ಬಾಳೆಯ ದಿಂಡನ್ನು ಹೊರಗೆ ಎಸೆಯಬೇಡಿ. ಅದರಲ್ಲಿ ಪೊಟ್ಯಾಶ್ ತುಂಬಾ ಇದೆ. ಕೊಚ್ಚಿ ಅಲ್ಲೇ ಪಕ್ಕದ ಕಂದಿನ (ಮರಿಗಿಡದ) ಬುಡಕ್ಕೆ ಹಾಕಿ. ದಿಂಡಿನಲ್ಲಿ ಹುಳು ಕಂಡರೆ ಮಾತ್ರ ತೋಟದಿಂದ ಆಚೆ ಒಯ್ದು ಕೊಳೆಸಿ. ಅಡಿಕೆ ಸಿಪ್ಪೆಯನ್ನೂ ಕಾಂಪೋಸ್ಟ್ ಮಾಡಿ ತೋಟಕ್ಕೇ ಮರಳಿಸಿ.

ಈ ದಾರಿಯಲ್ಲಿ ಇರುವ ಅಪಾಯ ಎಂದರೆ ನಿಧಾನ. ಇಷ್ಟೆಲ್ಲ ಮಾಡಿದರೂ ಗೊನೆ ಸುಧಾರಿಸಲು ಒಂದು ಬೆಳೆ ಹೋಗಬಹುದು. ಬೂದಿ ಸಾಲದಿದ್ದರೆ ಹೊರಗಿನಿಂದ ತರಬೇಕು, ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಸುಟ್ಟ ಬೂದಿ ಬರದಂತೆ ನೋಡಿಕೊಳ್ಳಬೇಕು. ಗಣಿಯಿಂದ ತೆಗೆದ ಸಹಜ ಪೊಟ್ಯಾಶಿಯಂ ಸಲ್ಫೇಟ್ ಸಾವಯವದಲ್ಲೂ ಬಳಸಬಹುದು, ಪ್ರಮಾಣಪತ್ರ ಕೊಡುವವರನ್ನು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯ ದಾರಿ, ಮೊದಲಿನಂತೆ ಸೊಪ್ಪು, ಕೊಟ್ಟಿಗೆ ಗೊಬ್ಬರದ ಜೊತೆ ಅಳತೆ ನೋಡಿ ಎಂಒಪಿ, ಅಂದರೆ ಅಂಗಡಿಯಲ್ಲಿ ಸಿಗುವ ಪೊಟ್ಯಾಶ್ ಗೊಬ್ಬರ, ಹಾಕುವುದು. ಇದರಲ್ಲಿ 60 ಪ್ರತಿಶತ ಪೊಟ್ಯಾಶ್ ಇದೆ, ಹಾಗಾಗಿ ಗಿಡಕ್ಕೆ ವರ್ಷಕ್ಕೆ 200ರಿಂದ 250 ಗ್ರಾಂ ಹಾಕಿದರೆ ಉಳಿದದ್ದು ಗೊಬ್ಬರದಿಂದ ಸಿಗುತ್ತದೆ. ಮಳೆ ಜೋರಾಗಿರುವಾಗ ಒಮ್ಮೆಗೇ ಹಾಕಿದರೆ ಬಸಿಗಾಲುವೆ ಸೇರುತ್ತದೆ, ಕಂತು ಮಾಡಿ. ಖರ್ಚು ಕಡಿಮೆ, ಫಲ ಬೇಗ. ಆದರೆ ಸಾವಯವ ಎಂದು ಮಾರುವ ಹಾಗಿಲ್ಲ. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಬೇಕೆಂದರೆ ಮೂರು ವರ್ಷ ಪರಿವರ್ತನೆಯ ಅವಧಿ ಇರುತ್ತದೆ. ನೀವು ಈಗಾಗಲೇ ಎರಡು ವರ್ಷ ಕಳೆದಿದ್ದೀರಿ. ಆ ಅವಧಿಗೆ ದಾಖಲೆ ಇದ್ದರೆ, ಈಗ ಒಂದು ಮುಷ್ಟಿ ಪೊಟ್ಯಾಶ್ ಹಾಕಿ ಅದನ್ನು ಕಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಬೂದಿಯ ದಾರಿಯನ್ನೇ ಹಿಡಿಯುತ್ತಿದ್ದೆ.

ಯಾವ ದಾರಿಯಾದರೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತೋಟದ ಹಲವು ಕಡೆ ಒಂದು ಅಡಿ ಆಳದವರೆಗೆ ಮಣ್ಣು ತೆಗೆದು, ಕಲಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಸತು, ಕಬ್ಬಿಣ, ತಾಮ್ರದ ಪರೀಕ್ಷೆಯೂ ಬೇಕೆಂದರೆ ತುಕ್ಕು ಹಿಡಿದ ಗುದ್ದಲಿಯಲ್ಲಿ ಅಗೆದ ಮಣ್ಣು ಕೊಡಬೇಡಿ, ಮರದ ಅಥವಾ ಸ್ಟೀಲಿನ ಸಾಧನ ಬಳಸಿ. ಅನಾನಸ್ ಜಾಗದ ಮಣ್ಣು ಬೇರೆ ಚೀಲದಲ್ಲಿರಲಿ.

ಬೇರೆ ಏಕೆಂದರೆ ಎರಡಕ್ಕೂ ಸುಣ್ಣದ ಲೆಕ್ಕ ಬೇರೆ. ಬಾಳೆಗೆ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟು ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಅಥವಾ ಡೋಲೊಮೈಟ್ ಬೇಕು. ಡೋಲೊಮೈಟಿನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಶಿಯಂ ಕೂಡ ಇರುವುದರಿಂದ ನಮ್ಮ ಕಡೆಗೆ ಅದು ಹೆಚ್ಚು ಒಪ್ಪುತ್ತದೆ. ಎರಡೂ ಸಾವಯವಕ್ಕೆ ನಡೆಯುತ್ತದೆ. ಮಣ್ಣಿನ ಹುಳಿ ತಗ್ಗಿದರೆ ಹಿಡಿದಿಟ್ಟ ರಂಜಕ ಸ್ವಲ್ಪ ಬಿಡುಗಡೆಯಾಗುತ್ತದೆ. ಕ್ಯಾಡ್ಮಿಯಂ ಗಿಡಕ್ಕೆ ಏರುವುದೂ ಕಡಿಮೆಯಾಗುತ್ತದೆ. ಈ ಕ್ಯಾಡ್ಮಿಯಂ ರಂಜಕದ ಗೊಬ್ಬರದ ಜೊತೆ ಚೂರು ಚೂರು ಬಂದು ಮಣ್ಣಿನಲ್ಲಿ ಉಳಿಯುವಂಥದ್ದು. ಮೂಲದ ಕಲ್ಲಿನಲ್ಲೇ ಅದು ಇರುವುದರಿಂದ ಸಾವಯವದವರು ಬಳಸುವ ಶಿಲಾರಂಜಕದಲ್ಲೂ ಬರಬಹುದು.

ಅನಾನಸ್ ಹಾಗಲ್ಲ. ಅದು ಹುಳಿ ಮಣ್ಣನ್ನೇ ಇಷ್ಟಪಡುತ್ತದೆ, ಪಿಎಚ್ 4.5ರಿಂದ 5.5 ಅದಕ್ಕೆ ಸರಿ. ಅಲ್ಲಿಗೆ ಸುಣ್ಣ ಹಾಕಬೇಡಿ. ಮಣ್ಣಿನ ಗುಣ ಹಣ್ಣಿನಲ್ಲಿ ಕಾಣಬೇಕೆಂದರೆ ಅನಾನಸ್ಸನ್ನೇ ನೋಡಬೇಕು. ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಸುಲಭವಾಗಿ ಕರಗುತ್ತದೆ, ಅನಾನಸ್ ಅದನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 0.9 ಮಿ.ಗ್ರಾಂ, ಅಂದರೆ ವಯಸ್ಕರ ದಿನದ ಅಗತ್ಯದ ಅರ್ಧದ ಹತ್ತಿರ. ಹವಾಯಿ ದ್ವೀಪಗಳಲ್ಲಿ ಮ್ಯಾಂಗನೀಸ್ ಅತಿಯಾಗಿದ್ದ ಕೆಂಪು ಮಣ್ಣಿನಲ್ಲಿ ಅನಾನಸ್ ಗಿಡಗಳು ಹಳದಿಯಾಗಿ ಸೊರಗುತ್ತಿದ್ದವು. ಮ್ಯಾಂಗನೀಸ್ ಕಬ್ಬಿಣಕ್ಕೆ ಅಡ್ಡ ಬರುತ್ತಿತ್ತು. ನೂರು ವರ್ಷಕ್ಕೂ ಹಿಂದೆಯೇ ಅಲ್ಲಿನವರು ಎಲೆಗೆ ಕಬ್ಬಿಣದ ಸಲ್ಫೇಟ್ ಸಿಂಪಡಿಸಿ ಅದನ್ನು ಸರಿಮಾಡಿದರು. ಕಣ್ಣಿಗೆ ಕೆಂಪಗೆ ಕಾಣುವ ಮಣ್ಣಿನಲ್ಲೇ ಗಿಡಕ್ಕೆ ಕಬ್ಬಿಣ ಸಿಗದೆ ಹೋದ ಕಥೆ ಇದು.

ತೋಟದ ಬಗ್ಗೆ ಇನ್ನೊಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುತ್ತೀರಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸಾವಯವದಲ್ಲೂ ಇದಕ್ಕೆ ಮಿತಿಯೊಳಗೆ ಅನುಮತಿ ಇದೆ. ಆದರೆ ಹೊಡೆದ ತಾಮ್ರ ಎಲ್ಲೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ವರ್ಷ ವರ್ಷ ಸೇರುತ್ತದೆ. ಹಣ್ಣಿಗೆ ಅದು ಹೆಚ್ಚಾಗಿ ಬರುವುದಿಲ್ಲ, ಎರೆಹುಳು, ಬೇರಿಗೆ ತೊಂದರೆ ಕೊಡಬಹುದು. ತಲೆತಲಾಂತರದಿಂದ ಹೊಡೆಯುತ್ತಿರುವ ತೋಟವಾದರೆ ಮಣ್ಣಿನ ತಾಮ್ರವನ್ನೂ ಒಮ್ಮೆ ನೋಡಿಸಿ. ಸಿಂಪಡಿಸಿದ ದಿನಗಳಲ್ಲಿ ಕೆಳಗಿನ ಬಾಳೆಗೊನೆಯನ್ನು ಮುಚ್ಚಿ, ಅಥವಾ ಕೊಯ್ದ ಮೇಲೆ ಚೆನ್ನಾಗಿ ತೊಳೆಯಿರಿ.

ಉಳಿದದ್ದು ಮಗನ ಪೊಟ್ಟಣ. "ಕಬ್ಬಿಣ, ಕ್ಯಾಲ್ಸಿಯಂ ಎರಡು ಪಟ್ಟು" ಎಂದು ಬರೆಯುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿ. ಅದು ನಿಜವಲ್ಲ, ನಿಮ್ಮ ಸೊಸೆಯಂಥವರು ಅದನ್ನು ನಂಬಿ ಮಾತ್ರೆ ಬಿಡುತ್ತಾರೆ. ಕಾನೂನಿನಲ್ಲೂ ತೊಂದರೆ ಇದೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ನಿಯಮದಂತೆ ಹೇಳಿದ್ದಕ್ಕೆ ಪುರಾವೆ ಕೊಡಬೇಕು. ಲ್ಯಾಬಿಗೆ ಒಂದು ಡಜನ್ ಹಣ್ಣು ಕಳಿಸಿ ತಂದ ಒಂದು ವರದಿ ಪುರಾವೆಯಾಗುವುದಿಲ್ಲ. ಒಂದೇ ಗೊನೆಯ ಮೇಲಿನ ಚಿಪ್ಪಿಗೂ ಕೆಳಗಿನ ಚಿಪ್ಪಿಗೂ ವ್ಯತ್ಯಾಸ ಬರುತ್ತದೆ, ಕಾಯಿ ಬಲಿತದ್ದು ಎಷ್ಟು ಎಂಬುದರ ಮೇಲೂ ಬದಲಾಗುತ್ತದೆ. ಸುಕೇಳಿ (ಒಣಗಿಸಿದ ಬಾಳೆಹಣ್ಣು) ಮಾಡಿ ಮಾರುವುದಾದರೆ ಇನ್ನೂ ಎಚ್ಚರ ಬೇಕು. ಒಣಗಿಸಿದಾಗ ನೀರು ಹೋಗಿ 100 ಗ್ರಾಂಗೆ ಎಲ್ಲ ಖನಿಜವೂ ಮೂರು ನಾಲ್ಕು ಪಟ್ಟು ತೋರಿಸುತ್ತದೆ. ಅದನ್ನು ಹಸಿ ಹಣ್ಣಿನ ಜೊತೆ ಹೋಲಿಸಿ "ಸಾವಯವದ ಸತ್ವ" ಎನ್ನುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಸಾವಯವ ಎಂಬ ಪದವನ್ನೂ ವಿಚಾರಿಸಿಕೊಂಡೇ ಬಳಸಿ. ಪ್ರಮಾಣಪತ್ರ ಹೇಳುವುದು ಹೇಗೆ ಬೆಳೆದಿರಿ ಎಂಬುದನ್ನು, ಹಣ್ಣಿನಲ್ಲಿ ಏನಿದೆ ಎಂಬುದನ್ನಲ್ಲ. ಚಿಕ್ಕ ಬೆಳೆಗಾರರು ತಾವೇ ನೇರವಾಗಿ ತಿನ್ನುವವರಿಗೆ ಮಾರುವಾಗ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಚಿಹ್ನೆ ಹಾಕುವಂತಿಲ್ಲ. ಅಂಗಡಿಗೆ ಕೊಡುವುದಾದರೆ ಪಿಜಿಎಸ್ ಗುಂಪು (ರೈತರೇ ಒಬ್ಬರ ತೋಟ ಒಬ್ಬರು ನೋಡಿ ಖಾತ್ರಿ ಕೊಡುವ ಸಾವಯವ ವ್ಯವಸ್ಥೆ) ಸೇರುವುದು ನಿಮ್ಮಂಥವರಿಗೆ ಕಡಿಮೆ ಖರ್ಚಿನ ದಾರಿ.

ಬರೆಯಲು ನಿಮಗೆ ನಿಜವಾದ ಸಂಗತಿಗಳೇ ಬೇಕಾದಷ್ಟಿವೆ. ಮಿಟ್ಲಿ ಬಾಳೆ ಎಂದು ತಳಿಯ ಹೆಸರು ಬರೆಯಿರಿ, ಊರಿನ ಹೆಸರು ಬರೆಯಿರಿ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಹುಡುಕಿಕೊಂಡು ಬರುವವರು ರುಚಿ, ಪರಿಮಳಕ್ಕೆ ಬರುತ್ತಾರೆ. ಬಾಳೆಗೆ ಕೀಟನಾಶಕ ಹೊಡೆದಿಲ್ಲ, ಕಾರ್ಬೈಡ್ ಹಾಕಿ ಹಣ್ಣು ಮಾಡಿಲ್ಲ, ಬೆಟ್ಟದ ಸೊಪ್ಪಿನ ಗೊಬ್ಬರದಲ್ಲಿ ಬೆಳೆದದ್ದು ಎಂದು ಬರೆದರೆ ಅದಷ್ಟಕ್ಕೇ ಕೊಳ್ಳುವವರು ಬೆಂಗಳೂರಿನಲ್ಲಿ ಇದ್ದಾರೆ. ಖನಿಜದ ಬಗ್ಗೆ ಏನಾದರೂ ಹೇಳಲೇಬೇಕೆಂದರೆ, ಬಾಳೆಹಣ್ಣಿನಲ್ಲಿ ಪೊಟ್ಯಾಶಿಯಂ ಇದೆ ಎಂದಷ್ಟೇ ಹೇಳಲಿ. ಅದು ಎಲ್ಲ ಬಾಳೆಗೂ ಸಲ್ಲುವ ಮಾತು.

ಮಣ್ಣು ಪರೀಕ್ಷೆಯ ಚೀಟಿ ಬಂದ ಮೇಲೆ ಎರಡೂ ಜಾಗದ್ದನ್ನು ಕಳಿಸಿಕೊಡಿ. ಡೋಲೊಮೈಟ್ ಎಷ್ಟು, ಯಾವಾಗ ಎಂದು ಪಿಎಚ್ ನೋಡಿ ಹೇಳುತ್ತೇನೆ. ಬೋರಾನ್, ಸತು ಕೂಡ ನೋಡಿಸಿದ್ದರೆ ಇನ್ನೂ ಒಳ್ಳೆಯದು. ಅಷ್ಟರೊಳಗೆ ಒಲೆಯ ಬೂದಿಯನ್ನು ಮಳೆಗೆ ಸಿಗದಂತೆ ಒಳಗಿಡಿ, ಸೊಸೆಯನ್ನು ಈ ವಾರವೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ.